ಜಪಾನಿ ಅಕ್ಷರಾಭ್ಯಾಸ: ಫೋನೂ ಬೇಕು, ಹಲಗೆಯೂ ಬೇಕು

ಅಕ್ಷರಾಭ್ಯಾಸವೆಂಬುದು ಬಾಳಿನಲ್ಲಿ ಒಮ್ಮೆ ಮಾತ್ರ ಆಗತಕ್ಕ ಸಂಸ್ಕಾರವೆಂದು ನಾವೆಲ್ಲರೂ ಭಾವಿಸಿರುತ್ತೇವೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಹಿರಿಯರೊಬ್ಬರು ನಮ್ಮ ಬೆರಳು ಹಿಡಿದು ತಿದ್ದಿಸಿದರೆಂದರೆ ಆ ಕೆಲಸ ಮುಗಿಯಿತು. ಇಂಗ್ಲಿಷಿನ ಎ ಬಿ ಸಿ ಡಿಯನ್ನೂ ಬುದ್ಧಿ ಬಲಿಯುವ ಮೊದಲೇ ಕಲಿತುಬಿಟ್ಟೆವಾದುದರಿಂದ ಅದರ ಕಷ್ಟ ಈಗ ನೆನಪಿನಲ್ಲಿಲ್ಲ. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಅಕ್ಷರಾಭ್ಯಾಸಕ್ಕೆ ಕುಳಿತವನ ಪಾಡು ಏನೆಂಬುದನ್ನು ಕಳೆದ ವರ್ಷ ನಾನು ಸ್ವತಃ ಅನುಭವಿಸಿದೆ. ಆ ಅನುಭವದಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಅಧ್ಯಾಪಕವರ್ಗದ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಾನು ಸತ್ತೇಗಾಲದವನು. ಬೇಸಗೆಯ ರಜೆಯಲ್ಲಿ ಊರಿನಲ್ಲಿದ್ದಾಗ, ಜಪಾನಿ ಭಾಷೆ ಬಂದರೆ ಕೆಲಸಕ್ಕೆ ದಾರಿಯಾಗುವುದೆಂಬ ಮಾತು ಕೇಳಿ, ಫೋನಿನಲ್ಲಿ ಒಂದು ಆಪ್ ಹಾಕಿಕೊಂಡು ಕಲಿಯತೊಡಗಿದೆ. ಎರಡು ತಿಂಗಳು ಒಂದು ದಿನವೂ ಬಿಡಲಿಲ್ಲ. ಅಕ್ಷರವೊಂದನ್ನು ತೋರಿಸಿ ನಾಲ್ಕು ಉತ್ತರಗಳನ್ನು ಕೊಟ್ಟರೆ ಸರಿಯಾದುದನ್ನು ಕ್ಷಣದಲ್ಲಿ ಒತ್ತುತ್ತಿದ್ದೆ. ಫೋನು ದಿನವೂ ಶಹಭಾಸ್‌ಗಿರಿ ಕೊಡುತ್ತಿತ್ತು. ಆ ಧೈರ್ಯದಿಂದ ಬೆಂಗಳೂರಿನ ತರಬೇತಿ ಕೇಂದ್ರವೊಂದರ ಪ್ರವೇಶ ಪರೀಕ್ಷೆಗೆ ಹೋದೆ. ಅಲ್ಲಿ ಒಂದು ಬಿಳಿಯ ಹಾಳೆ ಕೊಟ್ಟು, ‘ನಿಮ್ಮ ಊರಿನ ಹೆಸರನ್ನು ಜಪಾನಿ ಅಕ್ಷರಗಳಲ್ಲಿ ಬರೆಯಿರಿ’ ಎಂದರು. ‘ಸ’ ಎಂಬುದೇನೋ ಬಂದಿತು. ಒತ್ತಕ್ಷರಕ್ಕೆ ಏನು ಮಾಡಬೇಕೆಂದು ತೋಚದೆ ‘ತೆ’ ಎಂಬುದನ್ನೇ ಎರಡು ಬಾರಿ ಬರೆದೆ. ದೀರ್ಘವನ್ನು ಬಿಟ್ಟುಬಿಟ್ಟೆ. ಕೊನೆಗೆ ‘ಲ’ಕಾರವನ್ನು ಹುಡುಕುತ್ತ ಕುಳಿತೆ, ಜಪಾನಿಯಲ್ಲಿ ಆ ಅಕ್ಷರವೇ ಇಲ್ಲವೆಂಬುದು ನೆನಪಾಗಲಿಲ್ಲ. ಹಾಳೆಯನ್ನು ನೋಡಿದವರು ಮೃದುವಾಗಿಯೇ, ‘ನಿಮಗೆ ಅಕ್ಷರಗಳ ಗುರುತಿದೆ, ಪರಿಚಯವಿಲ್ಲ’ ಎಂದರು. ಸಾಯಂಕಾಲದ ಬಸ್ಸಿಗೆ ಊರಿಗೆ ಹಿಂತಿರುಗಿದೆ. ಅವರ ಮೇಲೆ ನನಗೆ ದೂರಿಲ್ಲ. ಅವರು ಆಡಿದ ಮಾತು ನಿಜವಾಗಿತ್ತು.

ಇಷ್ಟು ದೂರದ ಭಾಷೆ ಕೊಳ್ಳೇಗಾಲದ ಕಡೆಯವರಿಗೆ ಏತಕ್ಕೆಂದು ಕೇಳುವವರಿದ್ದಾರೆ. ನಮ್ಮ ಸೀಮೆಗೆ ಜಪಾನು ಹೊಸ ಹೆಸರೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿಯೇ ಜಮ್‌ಷೆಟ್‌ಜಿ ಟಾಟಾ ಅವರು ಜಪಾನಿ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ನಡೆಸಿದರು. ೧೯೯೧ರಿಂದ ೨೦೦೭ರವರೆಗೆ ಜಪಾನ್ ಸರ್ಕಾರದ ಜೈಕಾ ಸಂಸ್ಥೆಯೂ ನಮ್ಮ ಕೇಂದ್ರ ರೇಷ್ಮೆ ಮಂಡಳಿಯೂ ಜೊತೆಗೂಡಿ ದ್ವಿತಳಿ ರೇಷ್ಮೆಯ ಕೃಷಿಯನ್ನು ಕರ್ನಾಟಕವೇ ಮೊದಲಾದ ರಾಜ್ಯಗಳಲ್ಲಿ ಬೆಳೆಸಿದುವು. ೧೯೯೯ರಿಂದ ಬಿಡದಿಯಲ್ಲಿ ಟೊಯೊಟಾ ಕಾರುಗಳು ತಯಾರಾಗುತ್ತಿವೆ. ವಿಶೇಷ ಕುಶಲತೆಯುಳ್ಳ ಕೆಲಸಗಾರರನ್ನು ಹೊರದೇಶಗಳಿಂದ ಬರಮಾಡಿಕೊಳ್ಳುವ ಏರ್ಪಾಟನ್ನು ಜಪಾನು ೨೦೧೯ರಲ್ಲಿ ಆರಂಭಿಸಿತು. ಆ ಬಗ್ಗೆ ಭಾರತದೊಡನೆ ಒಪ್ಪಂದವಾದುದು ೨೦೨೧ರ ಜನವರಿಯಲ್ಲಿ. ೨೦೨೫ರ ಆಗಸ್ಟ್‌ನಲ್ಲಿ ಎರಡು ದೇಶಗಳ ಪ್ರಧಾನಿಗಳು ಐದು ವರ್ಷಗಳಲ್ಲಿ ಭಾರತದಿಂದ ೫೦,೦೦೦ ಕುಶಲ ಜನರು ಜಪಾನಿಗೆ ಹೋಗುವ ಗುರಿಯನ್ನು ಸಾರಿದರು. ಇವರಲ್ಲಿ ನಮ್ಮ ತಾಲ್ಲೂಕಿನವರು ಒಬ್ಬಿಬ್ಬರಾದರೂ ಇರಬೇಕೆಂದು ಆಶಿಸುವುದು ತಪ್ಪಲ್ಲ. ಆದರೆ ಹೊಸಿಲಿನಲ್ಲಿಯೇ ಎಡವುವವರು ಒಳಗೆ ಹೋಗುವುದೆಂತು? ಜಪಾನಿಯ ಹೊಸಿಲೇ ಅದರ ಅಕ್ಷರ.

ಆ ಅಕ್ಷರಗಳ ಸ್ವರೂಪವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಜಪಾನಿಯಲ್ಲಿ ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರಾಕ್ಷರಗಳಲ್ಲದೆ ಎರಡು ಅಕ್ಷರಮಾಲೆಗಳಿವೆ. ದೇಶ್ಯ ಶಬ್ದಗಳಿಗೂ ವಿಭಕ್ತಿ ಪ್ರತ್ಯಯಗಳಂಥವಕ್ಕೂ ಹಿರಗಾನ. ಹೊರಗಿನಿಂದ ಬಂದ ಶಬ್ದಗಳಿಗೂ ನಮ್ಮ ನಿಮ್ಮ ಹೆಸರುಗಳಿಗೂ ಕತಕಾನ. ಒಂದೊಂದರಲ್ಲಿಯೂ ೪೬ ಅಕ್ಷರಗಳು. ಐದೈದರ ಎಂಟು ಸಾಲುಗಳಿಂದ ೪೦, ಯ ಸಾಲಿನಲ್ಲಿ ೩, ವ ಸಾಲಿನಲ್ಲಿ ೨, ಕೊನೆಗೆ ಒಂಟಿಯಾದ ‘ನ್’ ಒಂದು. ಅಕ್ಷರದ ಮೂಲೆಯಲ್ಲಿ ಎರಡು ಪುಟ್ಟ ಗೀಟುಗಳನ್ನಿಟ್ಟರೆ ಕ ಹೋಗಿ ಗ ಆಗುತ್ತದೆ, ತ ಹೋಗಿ ದ ಆಗುತ್ತದೆ. ಹ ಎಂಬುದಕ್ಕೆ ಗೀಟಿಟ್ಟರೆ ಬ, ಸಣ್ಣ ಸೊನ್ನೆಯಿಟ್ಟರೆ ಪ. ಹೀಗೆ ಇನ್ನೂ ೨೫ ಅಕ್ಷರಗಳು ಹೊಸ ಆಕಾರವನ್ನು ಕಲಿಯದೆಯೇ ದೊರಕುತ್ತವೆ.

ಕನ್ನಡ ಬಲ್ಲವನಿಗೆ ಇಲ್ಲಿ ದೊಡ್ಡದೊಂದು ಅನುಕೂಲವಿದೆ. ಜಪಾನಿ ಅಕ್ಷರಮಾಲೆಯ ಕ್ರಮವನ್ನು ಕೇಳಿ: ಅ ಇ ಉ ಎ ಒ, ಬಳಿಕ ಕ ಸ ತ ನ ಹ ಮ ಯ ರ ವ. ಎಲ್ಲಿಯೋ ಕೇಳಿದಂತಿಲ್ಲವೆ? ಬೌದ್ಧಧರ್ಮದೊಡನೆ ಸಂಸ್ಕೃತದ ಸಿದ್ಧಂ ಲಿಪಿ ಜಪಾನಿಗೆ ಹೋಯಿತು. ಭಾರತದ ಭಿಕ್ಷು ಬೋಧಿಸೇನನು ೭೩೬ರಲ್ಲಿ ಅಲ್ಲಿಗೆ ಹೋಗಿ, ೭೫೨ರಲ್ಲಿ ನಾರಾ ಪಟ್ಟಣದ ಮಹಾಬುದ್ಧನ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದನು. ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಅಲ್ಲಿಯ ಭಿಕ್ಷುಗಳು ತಮ್ಮ ನುಡಿಯ ಧ್ವನಿಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರು. ನಮ್ಮಲ್ಲಿ ಪ ಇರುವ ಸ್ಥಾನದಲ್ಲಿ ಅವರಿಗೆ ಹ ಇರುವುದೇಕೆಂದರೆ, ಹಿಂದೆ ಅವರಿಗೂ ಅದು ಪಕಾರವೇ ಆಗಿತ್ತು, ಕಾಲಕ್ರಮದಲ್ಲಿ ಹಕಾರವಾಯಿತು. ಹಳಗನ್ನಡದ ಪಾಲು ಹಾಲಾದುದನ್ನೂ ಪುಲಿ ಹುಲಿಯಾದುದನ್ನೂ ತರಗತಿಯಲ್ಲಿ ಓದಿದ ನಮಗೆ ಇದನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಇಲ್ಲ. ಹ ಎಂಬುದಕ್ಕೆ ಗೀಟಿಟ್ಟರೆ ಬ ಏಕಾಯಿತೆಂಬ ಒಗಟೂ ಇದರಿಂದಲೇ ಬಿಡಿಸಿಹೋಗುತ್ತದೆ.

ಎರಡನೆಯ ಅನುಕೂಲ ಮಾತ್ರೆಯದು. ಇಂಗ್ಲಿಷಿನ ಮೂಲಕ ಕಲಿಯುವವರನ್ನು ಬಹಳವಾಗಿ ಕಾಡುವುದು ಹ್ರಸ್ವ ದೀರ್ಘಗಳ ಮತ್ತು ಒತ್ತಿನ ಭೇದ. ಬಳೆಗೂ ಬಾಳೆಗೂ, ಕಟುವಿಗೂ ಕಟ್ಟುವಿಗೂ ಇರುವ ಅಂತರ ನಮಗೆ ತಾಯಿಯ ಹಾಲಿನೊಡನೆ ಬಂದುದು. ಜಪಾನಿಯಲ್ಲಿ ‘ಒಜಿಸನ್’ ಎಂದರೆ ಚಿಕ್ಕಪ್ಪ ಅಥವಾ ಮಾವ, ‘ಒಜೀಸನ್’ ಎಂದರೆ ತಾತ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಜಪಾನಿಯಲ್ಲಿ ಅಕ್ಷರಕ್ಕೊಂದು ತಾಳ. ‘ನಿಪ್ಪೊನ್’ ಎಂಬುದನ್ನು ಅವರು ನಾಲ್ಕು ತಾಳಗಳೆಂದು ಎಣಿಸಿದರೆ, ಛಂದಸ್ಸಿನ ತರಗತಿಯಲ್ಲಿ ಕಲಿತಂತೆ ಎರಡು ಗುರುಗಳೆಂದು ಪ್ರಸ್ತಾರ ಹಾಕಿದರೆ ನಮಗೂ ನಾಲ್ಕೇ ಮಾತ್ರೆ. ನನ್ನನ್ನು ಸೋಲಿಸಿದ ‘ಸತ್ತೇಗಾಲ’ವನ್ನೇ ತೆಗೆದುಕೊಳ್ಳಿ. ಗುರು ಗುರು ಗುರು ಲಘು, ಏಳು ಮಾತ್ರೆ. ಕತಕಾನದಲ್ಲಿ ಅದಕ್ಕೆ ಸರಿಯಾಗಿ ಏಳು ಗುರುತುಗಳು: ‘ಸ’, ಒತ್ತನ್ನು ಸೂಚಿಸುವ ಚಿಕ್ಕದಾದ ‘ತ್ಸು’, ‘ತೆ’, ದೀರ್ಘಕ್ಕೆ ಒಂದು ಅಡ್ಡಗೆರೆ, ಕಕಾರಕ್ಕೆ ಗೀಟಿಟ್ಟ ‘ಗ’, ಮತ್ತೊಂದು ಅಡ್ಡಗೆರೆ, ಲಕಾರದ ಬದಲಿಗೆ ‘ರ’. ನಾಲ್ಕು ಮುಖ್ಯ ನಿಯಮಗಳು ನಮ್ಮ ಊರಿನ ಹೆಸರೊಂದರಲ್ಲಿಯೇ ಅಡಗಿವೆ! ಇದನ್ನು ನನಗೆ ಯಾವ ಆಪ್ ಕೂಡ ಹೇಳಿಕೊಡಲಿಲ್ಲ. ಸೋತು ಬಂದ ಮೇಲೆ ಕಾಗದದ ಮೇಲೆ ಮಾತ್ರೆ ಎಣಿಸಿದಾಗ ಹೊಳೆಯಿತು.

ಅನುಕೂಲವಿದ್ದಲ್ಲಿ ಅಪಾಯವೂ ಇದೆ. ನಮ್ಮ ಕಾಗುಣಿತದಲ್ಲಿ ಕ ಕಿ ಕು ಎಂಬುವು ಒಂದೇ ಒಡಲಿನ ಮಕ್ಕಳು. ಜಪಾನಿಯಲ್ಲಿ ಅವು ಪರಸ್ಪರ ನೆಂಟರೂ ಅಲ್ಲ. ಗುಣಿತದ ನಿರೀಕ್ಷೆಯಿಂದ ಹೋದವನಿಗೆ ನಿರಾಶೆ ಕಾದಿರುತ್ತದೆ. ಪಕ್ಕದಲ್ಲಿ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಉಚ್ಚಾರವನ್ನು ಬರೆದುಕೊಳ್ಳುವುದು ಮೊದಲ ವಾರಕ್ಕೆ ಸರಿ. ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚದಿದ್ದರೆ ಅದು ಮನೆಯೆನಿಸುವುದಿಲ್ಲ. ಮೇಲಾಗಿ ಕೆಲವು ಅಕ್ಷರಗಳು ಅವಳಿಗಳಂತಿವೆ. ಕತಕಾನದ ‘ಶಿ’ ಮತ್ತು ‘ತ್ಸು’ ಎರಡಕ್ಕೂ ಎರಡು ಗಿಡ್ಡ ಗೀಟು, ಒಂದು ಉದ್ದ ಗೀಟು. ಉದ್ದ ಗೀಟನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ ‘ಶಿ’, ಮೇಲಿನಿಂದ ಕೆಳಕ್ಕೆ ಎಳೆದರೆ ‘ತ್ಸು’. ‘ಸೊ’ ಮತ್ತು ‘ನ್’ ಎಂಬುವಕ್ಕೂ ಇದೇ ಗೊಂದಲ. ನೋಡುವ ಕಣ್ಣಿಗೆ ಈ ಭೇದ ಬೇಗನೆ ಸಿಕ್ಕುವುದಿಲ್ಲ. ಎಳೆಯುವ ಕೈಗೆ ಒಂದೇ ದಿನದಲ್ಲಿ ಸಿಕ್ಕುತ್ತದೆ.

ಹಾಗಾದರೆ ಫೋನಿನಿಂದ ಪ್ರಯೋಜನವಿಲ್ಲವೆ? ಹಾಗೆಂದವರು ಇನ್ನೊಂದು ಕಡೆಗೆ ಎಡವಿದಂತೆ. ಜಪಾನಿಗರ ಬಾಯಿಂದ ಬಂದ ಉಚ್ಚಾರವನ್ನು ಬೇಕೆಂದಾಗ, ಬೇಕಾದಷ್ಟು ಸಲ, ಬೇಸರಿಸದೆ ಕೇಳಿಸುವ ಗುರು ಫೋನಲ್ಲದೆ ಮತ್ತಾರೂ ಇಲ್ಲ. ‘ದೆಸು’ ಎಂದು ಬರೆದುದನ್ನು ಅವರು ‘ದೆಸ್’ ಎಂಬಂತೆ ನುಡಿಯುವರೆಂಬುದನ್ನು ಕಿವಿಯೇ ಕಲಿಯಬೇಕು. ಕಲಿತುದನ್ನು ಮನಸ್ಸು ಮೊದಲ ದಿನಗಳಲ್ಲಿಯೇ ವೇಗವಾಗಿ ಮರೆಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ೧೮೮೫ರಲ್ಲಿಯೇ ತೋರಿಸಿದ. ಯಾವ ವಿದ್ಯಾರ್ಥಿ ಯಾವ ಅಕ್ಷರವನ್ನು ಮರೆಯುವನೋ ಅದನ್ನು ಲೆಕ್ಕವಿಟ್ಟು ಮತ್ತೆ ಮತ್ತೆ ಮುಂದೆ ತರುವ ಕೆಲಸ ಅರುವತ್ತು ಮಂದಿಯ ತರಗತಿಯಲ್ಲಿ ಯಾವ ಮೇಷ್ಟರಿಂದಲೂ ಸಾಧ್ಯವಿಲ್ಲ. ಯಂತ್ರಕ್ಕೆ ಅದು ನೀರು ಕುಡಿದಷ್ಟು ಸುಲಭ.

ಆದುದರಿಂದ ಎರಡನ್ನೂ ಬೆರಸಬೇಕು. ಇದಕ್ಕೆ ಮಿಶ್ರ ಬೋಧನೆಯೆಂದು ಹೆಸರು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೧ರಲ್ಲಿ ಹೊರಡಿಸಿದ ಟಿಪ್ಪಣಿಯೊಂದರಲ್ಲಿ, ಪಾಠಗಳ ಶೇಕಡಾ ೪೦ರವರೆಗೆ ಅಂತರ್ಜಾಲದ ಮೂಲಕವೂ ಉಳಿದುದು ತರಗತಿಯಲ್ಲಿಯೂ ನಡೆಯಬಹುದೆಂದು ಸೂಚಿಸಿತು. ಆದರೆ ಎಷ್ಟು ಪಾಲು ಯಾವುದೆಂಬುದಕ್ಕಿಂತ ಯಾವುದು ಮೊದಲು ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಮೊಟ್ಟೆಯೊಡೆದ ಹುಳುವನ್ನು ಅವರು ನೇರವಾಗಿ ಮನೆಗೆ ತರುವುದಿಲ್ಲ. ಎರಡನೆಯ ಜ್ವರದವರೆಗೆ ಅದು ಚಾಕಿ ಕೇಂದ್ರದಲ್ಲಿ, ಪಳಗಿದ ಕೈಗಳಲ್ಲಿ, ಎಳೆಯ ಸೊಪ್ಪು ತಿಂದು ಬೆಳೆಯಬೇಕು. ಬಳಿಕ ಮನೆಗೆ ಬಂದರೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಕೆಲಸ ಮನೆಯವರದು. ಚಾಕಿಯಲ್ಲಿ ಕೆಟ್ಟ ಹುಳು ಎಷ್ಟು ಸೊಪ್ಪು ತಿಂದರೂ ಒಳ್ಳೆಯ ಗೂಡು ಕಟ್ಟದು. ಅಕ್ಷರಕ್ಕೂ ಎಳೆತನದಲ್ಲಿ ತರಗತಿ, ಆಮೇಲೆ ಫೋನು. ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು.

ಬೆಂಗಳೂರಿನಿಂದ ಬಂದ ಮೇಲೆ ತಂಗಿಯ ಹಳೆಯ ಹಲಗೆಯನ್ನು ಹಿಡಿದು ಮತ್ತೆ ಮೊದಲಿನಿಂದ ಆರಂಭಿಸಿದೆ. ಸಹಪಾಠಿಗಳಿಬ್ಬರು ಜೊತೆಗೂಡಿದರು. ಊಟದ ಬಿಡುವಿನಲ್ಲಿ ಒಬ್ಬರು ಫೋನಿನ ದನಿಯನ್ನು ಕೇಳಿಸುವುದು, ಉಳಿದವರು ಹಲಗೆಯ ಮೇಲೆ ಬರೆಯುವುದು, ಒಬ್ಬರದನ್ನೊಬ್ಬರು ತಿದ್ದುವುದು. ನಮ್ಮಲ್ಲಿ ಹನೂರಿನ ಕಡೆಯಿಂದ ಬರುವ ಒಬ್ಬಳಿಗೆ ಸ್ವಂತ ಫೋನಿರಲಿಲ್ಲ. ಮನೆಗೆಲ್ಲ ಒಂದೇ ಫೋನು. ಅದು ತಂದೆಯೊಡನೆ ರಾತ್ರಿ ಮನೆಗೆ ಬರುತ್ತಿತ್ತು. ಅವಳು ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಬರೆದುಕೊಳ್ಳುತ್ತಿದ್ದಳು. ಮೂರು ವಾರಗಳ ಕೊನೆಗೆ ಮೂವರಲ್ಲಿ ಒಂದು ತಪ್ಪೂ ಇಲ್ಲದೆ ಉಕ್ತಲೇಖನ ಬರೆದವಳು ಅವಳೇ. ಫೋನು ಇಲ್ಲದವರು ಹಿಂದುಳಿಯುವರೆಂದು ನಾವು ಮರುಗುತ್ತೇವೆ. ಕೈಯನ್ನು ಮರೆತವರೂ ಹಿಂದುಳಿಯುವರೆಂದು ಅಂದು ತಿಳಿಯಿತು. ಆದರೆ ಉಚ್ಚಾರದಲ್ಲಿ ಮಾತ್ರ ಅವಳು ನಮಗಿಂತ ತಡವರಿಸುತ್ತಿದ್ದಳು ಎಂಬುದನ್ನೂ ಹೇಳಬೇಕು. ಕಿವಿಗೆ ಸಿಕ್ಕಬೇಕಾದುದು ಅವಳಿಗೆ ಸಿಕ್ಕಿರಲಿಲ್ಲ.

ಈ ಆಧಾರದಿಂದ ನಮ್ಮ ಕಾಲೇಜಿಗೆ ಒಂದು ಸಣ್ಣ ಸಲಹೆ. ನಾಲ್ಕು ವಾರ, ವಾರಕ್ಕೆ ಎರಡು ಬಾರಿ ಒಂದೊಂದು ಗಂಟೆಯ ಕೂಟ. ಮೊದಲ ಎರಡು ವಾರ ಹಿರಗಾನ, ಮೂರನೆಯದರಲ್ಲಿ ಕತಕಾನ, ನಾಲ್ಕನೆಯದರಲ್ಲಿ ಎರಡೂ. ಪ್ರತಿಯೊಂದು ಸಾಲನ್ನೂ ಮೊದಲು ಕೂಟದಲ್ಲಿ ಕೇಳಿ, ನುಡಿದು, ಗೀಟುಗಳ ಕ್ರಮದಲ್ಲಿ ಬರೆಯಬೇಕು. ಹಾಗೆ ಬರೆದ ಅಕ್ಷರವನ್ನು ಮಾತ್ರ ಮನೆಯಲ್ಲಿ ಫೋನಿನ ಮೇಲೆ ಅಭ್ಯಾಸ ಮಾಡಬೇಕು. ಅದೂ ಒಂದೇ ಪಟ್ಟಿಗೆ ಅಲ್ಲ, ಹುಳುವಿಗೆ ಸೊಪ್ಪು ಹಾಕಿದಂತೆ ದಿನಕ್ಕೆ ನಾಲ್ಕು ಬಾರಿ ಐದೈದು ನಿಮಿಷ. ಮುಂದಿನ ಕೂಟ ಉಕ್ತಲೇಖನದಿಂದ ಆರಂಭವಾಗಬೇಕು. ಫೋನಿಲ್ಲದವರಿಗಾಗಿ ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿ ಧ್ವನಿಗಳನ್ನು ಇಳಿಸಿಟ್ಟರೆ ಸಾಕು; ಸಿಗ್ನಲ್ಲಿನ ಹಂಗೂ ತಪ್ಪುತ್ತದೆ.

ಆಕಾರಗಳ ನೆನಪಿಗೆ ಚಿತ್ರಗಳ ಸಹಾಯ ಒಳ್ಳೆಯದು. ಜಪಾನ್ ಫೌಂಡೇಶನ್ನಿನವರು ಅಂಥ ಒಂದು ಆಪ್ ಅನ್ನು ಇಂಗ್ಲಿಷ್, ಇಂಡೊನೇಷಿಯನ್ ಮತ್ತು ಥಾಯ್ ಭಾಷೆಗಳವರಿಗೆ ಸಿದ್ಧಪಡಿಸಿದ್ದಾರೆ. ನಮಗೆ ನಮ್ಮ ಶಬ್ದಗಳೇ ಬೇಕು. ಹಿರಗಾನದ ‘ಕು’ ತೆರೆದ ಹಕ್ಕಿಯ ಬಾಯಿಯಂತಿದೆ: ಕುಕ್ಕುವ ಕೊಕ್ಕು. ‘ಹೆ’ ಇಳಿಜಾರಾದ ಮಾಡಿನಂತಿದೆ: ಹೆಂಚಿನ ಮನೆ. ‘ತೆ’ ಭಾರಕ್ಕೆ ಬಾಗಿದ ತೆನೆ. ‘ನೊ’ ಸುತ್ತಿ ಸುತ್ತಿ ಹಾರಿದ ನೊಣದ ದಾರಿ. ಇವು ನಾವು ಮೂವರು ಊಟದ ಬಿಡುವಿನಲ್ಲಿ ಕಟ್ಟಿದುವು. ೪೬ಕ್ಕೂ ಇಂಥವನ್ನು ಕಟ್ಟುವ ಕೆಲಸ ಒಂದು ತರಗತಿಗೆ ಎರಡು ದಿನದ ವಿನೋದ.

ಆಕ್ಷೇಪಣೆಗಳು ಬಾರದೆ ಇರಲಾರವು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಕೈಬರಹವನ್ನೇ ಕೇಳುವುದಿಲ್ಲ, ಉತ್ತರವನ್ನು ಆರಿಸಿದರೆ ಸಾಕು. ಬರೆಯುವ ಶ್ರಮ ಏಕೆ ಎಂದು ಗೆಳೆಯರು ಕೇಳುತ್ತಾರೆ. ಪರೀಕ್ಷೆಯ ಮಾತು ನಿಜ. ಆದರೆ ಅವಳಿ ಅಕ್ಷರಗಳನ್ನು ಬೇರ್ಪಡಿಸಲು ಕಲಿಸುವುದು ಕೈಯೇ ಎಂದು ಮೇಲೆ ಹೇಳಿದೆ. ಪರೀಕ್ಷೆಯಲ್ಲಿ ಕಣ್ಣು ಮೋಸಹೋಗದಿರಲಾದರೂ ಕೈ ಕಲಿತಿರಬೇಕು. ಪರೀಕ್ಷೆಯ ಹೊರಗೆ, ಅರ್ಜಿಯೊಂದರಲ್ಲಿ ತನ್ನ ಹೆಸರು ಬರೆಯುವಾಗ ನಾಲ್ಕು ಉತ್ತರಗಳನ್ನು ಮುಂದಿಡುವವರು ಯಾರು? ಜಪಾನಿ ಅಧ್ಯಾಪಕರೇ ಇಲ್ಲದ ಕಾಲೇಜಿನಲ್ಲಿ ಕಲಿಸುವವರಾರೆಂಬುದು ಎರಡನೆಯ ಪ್ರಶ್ನೆ. ವ್ಯಾಕರಣಕ್ಕೆ ಬಲ್ಲ ಗುರು ಬೇಕು, ಅದರಲ್ಲಿ ಸಂಶಯವಿಲ್ಲ. ಅದಕ್ಕೆ ‘ಸ್ವಯಂ’ ಮತ್ತು ಜಪಾನ್ ಫೌಂಡೇಶನ್ನಿನ ‘ಮಿನಾತೊ’ದಂಥ ಅಂತರ್ಜಾಲದ ಪಾಠಗಳೂ, ಸಾಧ್ಯವಾದರೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಂದುಹೋಗುವ ಅಧ್ಯಾಪಕರೂ ಆಗಬೇಕು. ಅಕ್ಷರದ ಹಂತಕ್ಕೆ ಮಾತ್ರ, ಉಚ್ಚಾರದ ಆದರ್ಶವನ್ನು ಫೋನು ಒದಗಿಸಿದರೆ, ಧ್ವನಿಶಾಸ್ತ್ರ ಬಲ್ಲ ನಮ್ಮ ಕನ್ನಡ ಅಧ್ಯಾಪಕರು ವಿದ್ಯಾರ್ಥಿಗಳಿಗಿಂತ ಒಂದು ವಾರ ಮುಂದಿದ್ದು ನಡೆಸಿಕೊಡಬಲ್ಲರು. ಕನ್ನಡವನ್ನೇ ನೆಟ್ಟಗೆ ಬರೆಯದವರಿಗೆ ಜಪಾನಿ ಏಕೆಂಬುದು ಮೂರನೆಯ ಆಕ್ಷೇಪಣೆ. ಇದು ನನ್ನನ್ನು ನಾಟಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಗೆಳೆಯರಿಗೆ ಕಳುಹಿಸುವವರಲ್ಲಿ ನಾನೂ ಒಬ್ಬ. ಆದರೆ ಪ್ರಸ್ತಾರ ಹಾಕುವುದು ಏತಕ್ಕೆ ಬೇಕೆಂದು ಎರಡು ವರ್ಷ ಗೊಣಗಿದ ನಾನು ಅದರ ಉಪಯೋಗವನ್ನು ಕಂಡದ್ದು ಜಪಾನಿಯ ದೆಸೆಯಿಂದ. ಪರರ ಅಕ್ಷರವನ್ನು ತಿದ್ದಿದ ಕೈ ತನ್ನ ಅಕ್ಷರವನ್ನು ಹಗುರವಾಗಿ ಕಾಣದು.

ಜಪಾನಿ ಕಲಿತವರೆಲ್ಲ ಜಪಾನಿಗೆ ಹೋಗುವರೆಂದು ನಾನು ಹೇಳುತ್ತಿಲ್ಲ. ಅಕ್ಷರದಿಂದ ಭಾಷೆಗೆ, ಭಾಷೆಯಿಂದ ಕೆಲಸಕ್ಕೆ ಇನ್ನೂ ಬಹಳ ದೂರವಿದೆ. ಆದರೆ ಅಕ್ಷರದಲ್ಲಿಯೇ ಸೋತು, ‘ನನ್ನ ತಲೆಗೆ ಇದು ಹತ್ತದು’ ಎಂದು ಫೋನನ್ನು ಕೆಳಗಿಡುವ ಹಳ್ಳಿಯ ಹುಡುಗ ಹುಡುಗಿಯರಿದ್ದಾರೆ. ಹತ್ತದೆ ಇರುವುದು ತಲೆಯ ದೋಷವಲ್ಲ, ಕ್ರಮದ ದೋಷ. ಅದನ್ನು ಸರಿಪಡಿಸಲು ಬೇಕಾದುದು ಒಂದು ಕೊಠಡಿ, ಎಂಟು ಗಂಟೆಗಳ ಕಾಲ, ಕೆಲವು ಹಲಗೆಗಳು ಮತ್ತು ಅಧ್ಯಾಪಕರೊಬ್ಬರ ಒಳ್ಳೆಯ ಮನಸ್ಸು. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಆದರೂ ನಮ್ಮ ಹಲಗೆಗಳು ಮೂರನ್ನೂ ಗ್ರಂಥಾಲಯಕ್ಕೆ ಒಪ್ಪಿಸಿ ಹೋಗುತ್ತೇವೆ. ಅವುಗಳ ಮೇಲೆ ತಮ್ಮ ತಮ್ಮ ಊರಿನ ಹೆಸರನ್ನು ಏಳಾಗಲಿ ಎಂಟಾಗಲಿ ಗುರುತುಗಳಲ್ಲಿ ತಪ್ಪಿಲ್ಲದೆ ಬರೆಯುವವರು ಬರಲಿ ಎಂಬುದೇ ನನ್ನ ಹಾರೈಕೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ